ಹಡಗಿಗೆ ಟೆಲಿಮೆಡಿಸಿನ್: ಲೈವ್ ವಿಡಿಯೊ ಬೇಕೋ, ಫೋನ್-ಇಮೇಲ್ ಸಾಕೋ?

ಹಡಗಿನ ಕಾರ್ಮಿಕರಿಗಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ 2006ರ ಪ್ರಕಾರ ವೈದ್ಯರು ಕಡ್ಡಾಯವಾಗುವುದು 100 ಅಥವಾ ಹೆಚ್ಚು ಜನರಿದ್ದು, 3 ದಿನ ಮೀರಿದ ಅಂತರರಾಷ್ಟ್ರೀಯ ಯಾನಕ್ಕೆ ಹೋಗುವ ಹಡಗುಗಳಲ್ಲಿ. ಸರಕು ಹಡಗಿನಲ್ಲಿ ರೋಗಿಯನ್ನು ನೋಡುವವರು ತರಬೇತಿ ಪಡೆದ ಆಫೀಸರ್ ಅಷ್ಟೇ. ಅವರು ದೂರದಿಂದಲೇ ದಡದ ವೈದ್ಯರ ಸಲಹೆ ಪಡೆಯುವುದೇ ಟೆಲಿಮೆಡಿಸಿನ್.

ಫೋನ್-ಇಮೇಲ್‌ಗೆ ಸಾಧಾರಣ ಲಿಂಕ್ ಸಾಕು. 12 ಲೀಡ್ ಇಸಿಜಿಯ (ಹೃದಯವನ್ನು 12 ಕೋನಗಳಿಂದ ನೋಡುವ ದಾಖಲೆ) ಪಿಡಿಎಫ್ ಚಿಕ್ಕದು, ಸುಲಭವಾಗಿ ಹೋಗುತ್ತದೆ. ಗಾಯದ ಫೋಟೊ ಎರಡು ಬೇಕು: ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಇನ್ನೊಂದು. ಕೆಲಸ ಕೆಡುವುದು ಅರೆಬರೆ ಸಂದೇಶದಿಂದ. ವೈದ್ಯರು ಮತ್ತೆ ಮತ್ತೆ ಕೇಳುವುದರಲ್ಲೇ ಹೊತ್ತು ಹೋಗುತ್ತದೆ. ನಾಡಿ, ರಕ್ತದೊತ್ತಡ, ಉಸಿರಾಟದ ವೇಗ, ಜ್ವರ, ಆಮ್ಲಜನಕ ಮಟ್ಟ, ಅಲರ್ಜಿ, ಈಗಿನ ಮಾತ್ರೆಗಳು, ಹಡಗಿನ ಸ್ಥಾನ, ಹತ್ತಿರದ ಬಂದರಿಗೆ ಬೇಕಾಗುವ ಸಮಯ, ಇಷ್ಟೂ ಮೊದಲ ಸಂದೇಶದಲ್ಲೇ ಇರಲಿ.

ಲೈವ್ ವಿಡಿಯೊ ಗೆಲ್ಲುವುದು ಕೈ ಹಿಡಿದು ನಡೆಸಬೇಕಾದಲ್ಲಿ: ಹೊಲಿಗೆ, ಪಾರ್ಶ್ವವಾಯುವಿನ ಪರೀಕ್ಷೆ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹವಾದರೆ ಪ್ರಶ್ನೆ-ಉತ್ತರದ ನಡುವೆ ಅರ್ಧ ಸೆಕೆಂಡ್ ತಡ, ಮಾತು ಡಿಕ್ಕಿ ಹೊಡೆಯುತ್ತದೆ. ಕೆಳಕಕ್ಷೆಯ ಉಪಗ್ರಹದಲ್ಲಿ ಈ ಕಾಟ ಕಡಿಮೆ. ಆದರೆ ಚಿಮಣಿ ಅಥವಾ ಕ್ರೇನ್ ಆಂಟೆನಾಗೆ ಅಡ್ಡ ಬಂದರೆ ಎರಡೂ ಬಗೆಯ ಉಪಗ್ರಹದ ಸಂಪರ್ಕ ಕಡಿಯುತ್ತದೆ. ಉಕ್ಕಿನ ಗೋಡೆ ವೈಫೈಯನ್ನು ನುಂಗುವುದರಿಂದ ಚಿಕಿತ್ಸಾ ಕೋಣೆಗೆ ಲ್ಯಾನ್ ಕೇಬಲ್ಲೇ ಸರಿ.

ಬಜೆಟ್ ಬಿಗಿಯಿದ್ದರೆ ವಿಡಿಯೊ ಕಿಟ್‌ಗಿಂತ ಮೊದಲು ಒಳ್ಳೆಯ ಇಸಿಜಿ ಯಂತ್ರ ಕೊಳ್ಳಿ. ಮೈಗೆ ಅಂಟಿಸುವ ಎಲೆಕ್ಟ್ರೋಡ್‌ಗಳನ್ನೂ ಹೆಚ್ಚುವರಿಯಾಗಿ ಇಡಿ. ಅವುಗಳ ಜೆಲ್ ಒಣಗಿದ್ದರೆ ಇಸಿಜಿಯ ಗೆರೆಯೆಲ್ಲ ಗಜಿಬಿಜಿ.