ಹುಕ್ ಹೊಲಿದಿರುವ ‘8 ಟನ್’ ಬೆಲ್ಟ್ ತಗೋಬೇಡಿ, ದಯವಿಟ್ಟು

ಮೊದಲು ವಿಷಯ ಹೇಳಿಬಿಡುತ್ತೇನೆ, ಕಥೆ ಆಮೇಲೆ. ಕೆಸರಲ್ಲಿ ಹೂತ ಗಾಡಿ ಎಳೆಯೋಕೆ ಅಂತ ಎರಡೂ ತುದಿಗೆ ಕಬ್ಬಿಣದ ಹುಕ್ ಹೊಲಿದ ಬೆಲ್ಟ್ ಕೊಟ್ಟರೆ ತಗೋಬೇಡಿ. ಎಷ್ಟು ಟನ್ ಅಂತಾದರೂ ಬರೆದಿರಲಿ. ಪುಕ್ಕಟೆ ಕೊಟ್ಟರೂ ಬೇಡ.

ಭಾವನ ತೋಟ ಮೂಡಿಗೆರೆ ಕಡೆ. ಜುಲೈನಲ್ಲಿ ಅಲ್ಲಿನ ತೋಟದ ದಾರಿ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಅದಕ್ಕೇ ಹೊರಡುವ ಮೊದಲೇ ಬೆಂಗಳೂರಿನ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದೆ. ಬಾಯಿಬಿಟ್ಟು ಸರಿಯಾಗಿಯೇ ಕೇಳಿದೆ: “ಸ್ನ್ಯಾಚ್ ಸ್ಟ್ರ್ಯಾಪ್ ಬೇಕು, ನೈಲಾನಿಂದು. ಜೊತೆಗೆ ಎರಡು ಶ್ಯಾಕಲ್.” (ಸ್ನ್ಯಾಚ್ ಸ್ಟ್ರ್ಯಾಪ್ ಅಂದರೆ ಹೂತ ಗಾಡಿ ಎಳೆಯೋಕೇ ಇರುವ ಹಿಗ್ಗುವ ಬೆಲ್ಟ್. ಶ್ಯಾಕಲ್ ಅಂದರೆ ಅದನ್ನು ಗಾಡಿಗೆ ಸಿಕ್ಕಿಸುವ, ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ.) ಅವರು ಕಿತ್ತಳೆ ಬಣ್ಣದ ಬೆಲ್ಟ್ ತಂದು ಕೌಂಟರ್ ಮೇಲೆ ಹಾಕಿದರು. “ಇದೇ ಸಾರ್ ಸ್ನ್ಯಾಚ್ ಬೆಲ್ಟು. 8 ಟನ್. ಹುಕ್ ಬಂದಿದೆ, ಶ್ಯಾಕಲ್‌ಗೆ ಯಾಕೆ ಸುಮ್ನೆ ದುಡ್ಡು ಹಾಕ್ತೀರ? ಜರ್ಕ್ ಕೊಟ್ಟು ಎಳೀರಿ, ಏನೂ ಆಗಲ್ಲ.” ಈ ಕೊನೆ ಮಾತು ನೆನಪಿಟ್ಟುಕೊಳ್ಳಿ. ಬೆಲೆ 2,800 ರೂಪಾಯಿ.

ಹೋದ ಮಾರನೇ ದಿನವೇ ಭಾವನ ಬೊಲೆರೊ ಇಳಿಜಾರಲ್ಲಿ ಜಾರಿ, ಮುಂದಿನ ಚಕ್ರ ಅರ್ಧ ಹೂತುಕೊಂಡಿತು. ಪಕ್ಕದ ತೋಟದವರು ತಮ್ಮ ಹೊಸ ಥಾರ್ ತಂದರು. ಹಳೇ ಮೇಜರ್ ಜೀಪ್ ಓಡಿಸುವ ಒಬ್ಬ ಅಣ್ಣನೂ ಬಂದಿದ್ದರು. ನನ್ನ ಬೆಲ್ಟನ್ನು ಅವರು ತಿರುಗಿಸಿ ತಿರುಗಿಸಿ ನೋಡಿ, “ಇದು ಹೊಸಾದಾ?” ಅಂತಷ್ಟೇ ಕೇಳಿದರು. ಆಮೇಲೆ ನಿಂತಿದ್ದವರನ್ನೆಲ್ಲ ಗದರಿಸಿ ದೂರ ಕಳಿಸಿದರು. ಹರಿದರೆ ಜೋರಾಗಿ ಹಾರದಿರಲಿ ಅಂತ ಬೆಲ್ಟಿನ ಮಧ್ಯಕ್ಕೆ ಒದ್ದೆ ಗೋಣಿಚೀಲ ಹಾಕಿದರು. ಆ ಅಣ್ಣ ಇಲ್ಲದಿದ್ದರೆ ನಾನು ಇವತ್ತು ಬೇರೆ ಏನೋ ಬರೆಯಬೇಕಾಗಿತ್ತು.

ಥಾರ್ ಎಳೆಯಿತು. ಬೊಲೆರೊ ಒಂದು ಗೇಣು ಅಲ್ಲಾಡಿತು. ಅಷ್ಟರಲ್ಲಿ ಪಟಾರ್ ಅಂತ ಸದ್ದು. ಬೊಲೆರೊ ಕಡೆಯ ಹುಕ್ ಬಾಯಿ ಬಿಚ್ಚಿಕೊಂಡು ಹಾರಿತ್ತು. ಗೋಣಿಚೀಲವನ್ನೂ ಹೊತ್ತುಕೊಂಡು ಹೋಗಿ ಥಾರಿನ ಹಿಂದಿನ ಗಾಜು ಒಡೆದು ಒಳಗೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಅವರ ಮೊಮ್ಮಗುವಿನ ಚೈಲ್ಡ್ ಸೀಟ್ ಕಟ್ಟಿತ್ತು. ಹುಕ್ ಇದ್ದದ್ದು ಅದರೊಳಗೆ. ಮಗು ಮನೆಯಲ್ಲಿತ್ತು, ದೇವರು ದೊಡ್ಡವನು. ಗಾಡಿಯವರು ಗಾಜಿನ ಚೂರು ಆರಿಸುತ್ತಾ “ಇರಲಿ ಬಿಡಿ ಮಾರಾಯ್ರೆ” ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದರೆ ನನಗೆ ಹೊಟ್ಟೆ ಉರಿದದ್ದು ಆಗ ಅಲ್ಲ, ಆಮೇಲೆ. ಜೀಪಿನ ಅಣ್ಣ ಬೆಲ್ಟ್ ತೊಳೆದು, ‘8 ಟನ್’ ಸ್ಟಿಕರಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಒದ್ದೆಯಾಗಿತ್ತು, ಸಲೀಸಾಗಿ ಬಂತು. ಅದರಡಿ ಬೆಲ್ಟಿಗೇ ಹೊಲಿದ ಒಂದು ನೀಲಿ ಲೇಬಲ್. ಅದರ ಮೇಲೆ ‘ಎಲ್‌ಸಿ 2500 ಡಿಎಎನ್’. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ನಾಟ್ ಫಾರ್ ಲಿಫ್ಟಿಂಗ್’. “ಸಾರ್, ಇದು ಲಾರಿ ಲೋಡ್ ಕಟ್ಟೋ ಬೆಲ್ಟು ಮಾರಾಯ್ರೆ” ಅಂದರು. ಎಲ್ಲರ ಮುಂದೆ. ಭಾವ ನಗು ತಡೆಯೋಕೆ ಆ ಕಡೆ ತಿರುಗಿಕೊಂಡರು. ಊರಿಗೆಲ್ಲ ‘ಬೆಂಗಳೂರಿಂದ ಸ್ಪೆಷಲ್ ಬೆಲ್ಟ್ ತಂದಿದೀನಿ’ ಅಂತ ಹೇಳಿಕೊಂಡು ತಿರುಗಿದ್ದವನು ನಾನು.

ಅರ್ಥ ಆಯ್ತಲ್ಲ? ಸರಕು ಅಲ್ಲಾಡದ ಹಾಗೆ ಬಿಗಿದು ಕಟ್ಟುವ ಬೆಲ್ಟ್ ಅದು. ಲೇಬಲ್ಲಿನ 2500 ಡಿಎಎನ್ ಅಂದರೆ ಸುಮಾರು ಎರಡೂವರೆ ಟನ್ ಲೆಕ್ಕ. ನೀಲಿ ಲೇಬಲ್ ಅಂದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಹೆಚ್ಚು ಹಿಗ್ಗುವುದಿಲ್ಲ. ಜರ್ಕ್ ಕೊಟ್ಟರೆ ಹೊಡೆತ ಪೂರ್ತಿ ಹುಕ್ಕಿಗೆ, ಗಾಡಿಯ ಟೋಯಿಂಗ್ ಪಾಯಿಂಟಿಗೆ. ಸ್ನ್ಯಾಚ್ ಸ್ಟ್ರ್ಯಾಪ್ ನೈಲಾನಿಂದು, ತನ್ನ ಉದ್ದದ ಶೇಕಡಾ 20ರಷ್ಟು ಹಿಗ್ಗಿ ಆ ಹೊಡೆತವನ್ನು ನುಂಗಿಕೊಂಡು ಎಳೆಯುತ್ತದೆ. ಎರಡೂ ನೋಡೋಕೆ ಒಂದೇ ಥರ. ಅಂಗಡಿಯವರ ಬಂಡವಾಳವೇ ಅದು.

ಫೋನ್ ಮಾಡಿದೆ. “ಫೋಟೋ ಹಾಕಿ ಸಾರ್.” ಹಾಕಿದೆ. “ಇದು ನಮ್ಮ ಮಾಲಲ್ಲ.” ಬಿಲ್ ಹಾಕಿದೆ. ಬಿಲ್ಲಿನಲ್ಲಿ ಅವರು ಬರೆದಿದ್ದು ‘ಕಾರ್ ಬೆಲ್ಟ್ - 1’, ಅಷ್ಟೇ. “ಅದು ಸೀಟ್ ಬೆಲ್ಟೂ ಆಗಿರಬಹುದಲ್ಲ ಸಾರ್” ಅಂತ ಉತ್ತರ. 2,800 ರೂಪಾಯಿಯ ಸೀಟ್ ಬೆಲ್ಟ್! ನಾನು ಬಿಡಲಿಲ್ಲ. ಆಗ ಮಾತು ಬದಲಾಯಿತು: “8 ಟನ್ ಅಂದ್ರೆ ಟಾರ್ ರೋಡಲ್ಲಿ ಸಾರ್. ಕೆಸರಲ್ಲಿ ಹಾಕಿದ್ರೆ ಯಾವ ಬೆಲ್ಟ್ ತಡೆಯುತ್ತೆ?” ಟಾರ್ ರೋಡಲ್ಲಿ ಗಾಡಿ ಯಾಕಪ್ಪ ಹೂತುಕೊಳ್ಳುತ್ತೆ? ಆಮೇಲೆ ಬಂತು ನೋಡಿ: “ನೀವು ಜರ್ಕ್ ಕೊಟ್ಟಿರ್ತೀರಿ. ಜರ್ಕ್ ಕೊಡಬಾರದು.” ಅದೇ ಬಾಯಿ, ಅದೇ ಮನುಷ್ಯ! ಜರ್ಕ್ ಕೊಟ್ಟು ಎಳೀರಿ ಅಂದವರು!

ಸ್ಟಿಕರ್ ಯಾರು ಅಂಟಿಸಿದ್ದು ಅಂತ ಕೇಳಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮತ್ತೆ ಕೇಳಿದೆ. “ಕಂಪನಿಯಿಂದ ಹಾಗೇ ಬರುತ್ತೆ.” ಯಾವ ಕಂಪನಿ? ಉತ್ತರ ಇಲ್ಲ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು ಅಂತ ಕಾನೂನಿದೆ. ಬೆಲ್ಟ್ ಬಂದ ಚೀಲದ ಮೇಲೆ ಇದ್ದದ್ದು ಒಂದು ಜೀಪಿನ ಚಿತ್ರ. ರಾತ್ರಿ ಒಂದು ಮೆಸೇಜ್ ಬಂತು: “ಗಾಜಿಗೆ ಇನ್ಶೂರೆನ್ಸ್ ಇರುತ್ತಲ್ಲ ಸಾರ್. ನಿಮಗೆ ಇನ್ನೊಂದು ಬೆಲ್ಟ್ ಫ್ರೀ ಕೊಡ್ತೀನಿ. ಎರಡೂ ಸೇರಿಸಿ ಡಬಲ್ ಮಾಡಿ ಹಾಕೊಳ್ಳಿ.” ಓದಿ ಫೋನ್ ಎಸೆಯೋಣ ಅನ್ನಿಸಿತು.

ಎಲ್ಲ ಅಂಗಡಿಯವರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿ ತಗೊಳ್ಳಿ. ‘ಎಷ್ಟು ಟನ್’ ಅಂತಲ್ಲ, ‘ಎಷ್ಟು ಟನ್ನಿಗೆ ಹರಿಯುತ್ತೆ’ ಅಂತ ಕೇಳಿ. ಎರಡು ಗಾಡಿಗಳಲ್ಲಿ ಹಗುರವಾದದ್ದರ ಲೋಡ್ ಸೇರಿದ ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ಲೋಡ್ ಆದ ಬೊಲೆರೊ ಎರಡು ಟನ್ ದಾಟುತ್ತದೆ, ಲೆಕ್ಕ ಹಾಕಿಕೊಳ್ಳಿ. ಆ ಅಂಕಿ ಹೊಲಿದ ಲೇಬಲ್ಲಿನಲ್ಲಿ ಇರಬೇಕು, ಸ್ಟಿಕರಿನಲ್ಲಲ್ಲ. ತುದಿಯಲ್ಲಿ ಬೆಲ್ಟಿನದೇ ಕುಣಿಕೆ ಇರಬೇಕು, ಹುಕ್ ಅಲ್ಲ. ಶ್ಯಾಕಲ್ ಬೇರೆ ತಗೊಳ್ಳಿ, ಎಷ್ಟು ಟನ್ ಅಂತ ಅದರ ಮೈಮೇಲೇ ಅಚ್ಚು ಇರುತ್ತದೆ, 3.25 ಅಥವಾ 4.75 ಅಂತ. ಬಂಪರಿಗೆ, ಟೋ ಬಾಲಿಗೆ (ಟ್ರೇಲರ್ ಸಿಕ್ಕಿಸುವ ಗುಂಡಿಗೆ) ಬೆಲ್ಟ್ ಸಿಕ್ಕಿಸಬೇಡಿ. ಎರಡು ಬೆಲ್ಟನ್ನು ಮಧ್ಯೆ ಶ್ಯಾಕಲ್ ಹಾಕಿ ಜೋಡಿಸಬೇಡಿ, ಹರಿದರೆ ಆ ಶ್ಯಾಕಲ್ ಗುಂಡಿನ ಹಾಗೆ ಬರುತ್ತದೆ. ಎಳೆಯುವಾಗ ಬೆಲ್ಟಿನ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ವಿಡಿಯೋ ಮಾಡುವವರೂ ಅಷ್ಟೇ. ಅವರೇ ಜಾಸ್ತಿ ಹತ್ತಿರ ಬರೋದು. ಎಳೆಯುವ ಮೊದಲು ಚಕ್ರದ ಮುಂದಿನ ಮಣ್ಣು ಕೆರೆಯಿರಿ. ಕೊನೆಗೆ ನಮ್ಮ ಬೊಲೆರೊ ಹೊರಗೆ ಬಂದದ್ದು ಗುದ್ದಲಿ ಮತ್ತು ಒಂದು ಟ್ರ್ಯಾಕ್ಟರಿನಿಂದ, ನಿಧಾನಕ್ಕೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಲೇಬಲ್ ಮತ್ತು ಚಾಟ್ ಎರಡೂ ಜೋಪಾನವಾಗಿವೆ. ಗಾಜಿನ ದುಡ್ಡು ನಾನೇ ಕೊಟ್ಟೆ. ಆ ಅಂಗಡಿಯವರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಈಗಲೂ ಅದೇ ಬೆಲ್ಟ್ ಇದೆ, ‘ಮಾನ್ಸೂನ್ ಆಫರ್’ ಅಂತ. ಈ ಸಲ ಸ್ಟಿಕರ್ 10 ಟನ್. ನಿಮ್ಮ ಡಿಕ್ಕಿಯಲ್ಲಿ ಅಂಥದ್ದು ಬಿದ್ದಿದ್ದರೆ ಇವತ್ತೇ ಸ್ಟಿಕರಿನ ಮೂಲೆ ಎಬ್ಬಿಸಿ ನೋಡಿ.