ಐದು ಅಡಿ ಒಂದು ಇಂಚಿನ ಸವಾರಿಣಿ, ಹಿಂದೆ ಯಜಮಾನರು: ಮೀಟಿಯರ್ 350ರ ಜೊತೆ ಕೆಲವು ವರ್ಷ

ನನ್ನ ಎತ್ತರ ಐದು ಅಡಿ ಒಂದು ಇಂಚು. ನಮ್ಮ ಯಜಮಾನರದು ಐದು ಅಡಿ ಒಂಬತ್ತು ಇಂಚು, ತೂಕದಲ್ಲಿಯೂ ಅವರು ನನಗಿಂತ ಇಪ್ಪತ್ತು ಕಿಲೋ ಹೆಚ್ಚು. ಮನೆಯಲ್ಲಿ ಬೈಕು ಓಡಿಸುವವಳು ನಾನು. ಅವರಿಗೆ ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಹಿಂದೆ ಕುಳಿತು ಊರು ನೋಡುವುದರಲ್ಲಿಯೇ ಅವರಿಗೆ ಸುಖ. ಶಿವಮೊಗ್ಗದಿಂದ ಕರಾವಳಿಗೆ, ಹಂಪಿಗೆ, ಬಾದಾಮಿಗೆ ಇಬ್ಬರೂ ಹೋಗಿಬರಬೇಕೆಂದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಕೊಂಡು ಕೆಲವು ವರ್ಷಗಳಾದವು. ಎಂಜಿನ್ನಿನ ಶಕ್ತಿ, ಬ್ರೇಕಿನ ಬಗೆ, ಬಣ್ಣಗಳ ಪಟ್ಟಿ ಎಲ್ಲರೂ ಓದಿರುವಂಥವೇ ಆದ್ದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ. ಗಿಡ್ಡಗಿರುವವರು ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೂರದೂರಿಗೆ ಹೊರಟರೆ ಯಾವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಬೈಕು ಹುಡುಕುವಾಗ ಎಲ್ಲರಿಂದಲೂ ಕೇಳಿದ ಬುದ್ಧಿಮಾತೊಂದಿದೆ: ಕಾಲ್ಬೆರಳ ತುದಿ ನೆಲಕ್ಕೆ ತಾಗಿದರೆ ಸಾಕು, ಮಿಕ್ಕದ್ದು ಅಭ್ಯಾಸವಾಗುತ್ತದೆ. ಒಬ್ಬರೇ ಓಡಾಡುವವರ ಮಟ್ಟಿಗೆ ಈ ಮಾತು ಸರಿ. ನಿಲ್ಲಿಸುವಾಗ ಸೀಟಿನ ಅಂಚಿಗೆ ಸರಿದು ಒಂದು ಕಾಲನ್ನು ಪೂರ್ತಿ ಊರುವ ಉಪಾಯವಿದೆ, ಅದು ಬೇಗ ಕೈಗೆ ಹತ್ತುತ್ತದೆ. ಹಿಂಬದಿ ಸವಾರರು ಹತ್ತುವ ಗಳಿಗೆಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅವರು ಎಡಗಡೆಯ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು ಮೇಲೇಳುವಾಗ ಮೈಭಾರವೆಲ್ಲ ಒಂದು ಕ್ಷಣ ಬೈಕಿನ ನಡುಗೆರೆಯಿಂದ ಹೊರಗೆ, ಒಂದೇ ಕಬ್ಬಿಣದ ತುಂಡಿನ ಮೇಲೆ ನಿಂತಿರುತ್ತದೆ. ಆಗ ಬೈಕನ್ನು ನೆಟ್ಟಗೆ ಹಿಡಿದಿರಬೇಕಾದದ್ದು ಮುಂದೆ ಕುಳಿತವರ ಎರಡು ಪಾದಗಳು. ಬೆರಳ ತುದಿಯಲ್ಲಿ ನಿಂತವರು ನಮ್ಮ ಯಜಮಾನರಂಥ ಎಪ್ಪತ್ತೆಂಟು ಕಿಲೋ ತೂಕದವರ ಎಳೆತವನ್ನು ತಡೆಯುವುದು ಕಷ್ಟ. ಅವರು ಕುಳಿತ ಮೇಲೆ ಹಿಂದಿನ ಶಾಕ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗು, ಕುಸಿದು ಬೈಕು ಸ್ವಲ್ಪ ತಗ್ಗುತ್ತದೆ, ಪಾದವೂ ಚೆನ್ನಾಗಿ ಊರುತ್ತದೆ. ಅಪಾಯ ಇರುವುದು ಅದಕ್ಕೆ ಮುಂಚಿನ ಎರಡು ಸೆಕೆಂಡಿನಲ್ಲಿ.

ಈ ಕಾರಣಕ್ಕೆ ನಮ್ಮ ಪಟ್ಟಿಯಿಂದ ಒಂದೊಂದೇ ಹೆಸರು ಬಿದ್ದುಹೋಯಿತು. ಮನಸ್ಸಿಗೆ ಬಹಳ ಹಿಡಿಸಿದ್ದು ಇದೇ ಕಂಪನಿಯ ಹಳೆಯ 411 ಸಿಸಿಯ ಹಿಮಾಲಯನ್. ನೆಲದಿಂದ ಅದರ ಸೀಟಿನ ಎತ್ತರ 800 ಮಿಲಿಮೀಟರ್. ಕ್ಲಾಸಿಕ್ 350ರದು 805. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 835 ಇದ್ದುದರಿಂದ ಅದನ್ನು ನೋಡುವ ಮೊದಲೇ ಕೈಬಿಟ್ಟೆವು. ಮೀಟಿಯರ್‌ನದು 765. ಕಾಗದದಲ್ಲಿ ಹಿಮಾಲಯನ್‌ಗೂ ಇದಕ್ಕೂ ಇರುವ ಮೂರೂವರೆ ಸೆಂಟಿಮೀಟರಿನ ವ್ಯತ್ಯಾಸ ಏನೂ ಅಲ್ಲವೆನಿಸಬಹುದು, ಆದರೆ ನನ್ನ ಹಿಮ್ಮಡಿ ನೆಲ ಕಾಣುವುದಕ್ಕೂ ಕಾಣದೇ ಇರುವುದಕ್ಕೂ ನಡುವೆ ಇದ್ದದ್ದು ಅಷ್ಟೇ. ಬಜಾಜ್ ಅವೆಂಜರ್ ಕ್ರೂಸ್ 220ರ ಸೀಟು ಇನ್ನೂ ತಗ್ಗು, 737, ತೂಕವೂ ಕಡಿಮೆ. ಬಜೆಟ್ ಬಿಗಿಯಾಗಿದ್ದವರು ಅದನ್ನು ಖಂಡಿತ ನೋಡಬೇಕು.

ಅಂಕಿಯನ್ನು ಮಾತ್ರ ನಂಬಿದರೆ ಮೋಸಹೋಗುತ್ತೀರಿ ಎಂಬುದನ್ನೂ ಹೇಳಬೇಕು. ಸೀಟು ಮುಂಭಾಗದಲ್ಲಿ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ತೆರೆದುಕೊಂಡು ಕಾಲಿನ ಉದ್ದ ಅಲ್ಲಿಯೇ ಖರ್ಚಾಗಿಬಿಡುತ್ತದೆ. 780ರ ಕಿರಿದಾದ ಸೀಟಿಗಿಂತ 760ರ ಅಗಲ ಸೀಟು ಎತ್ತರವೆನಿಸಬಹುದು. ಎತ್ತರಕ್ಕಿಂತ ಒಳಗಾಲಿನ ಅಳತೆ ಮುಖ್ಯ. ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಬಿಗಿಯಾಗಿ ಮೇಲಕ್ಕೊತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದರೆ ಅದು ಸಿಗುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಒಂದೂವರೆ ಇಂಚು ಬೇರೆಯಾಗಿರುವುದು ಅಪರೂಪವಲ್ಲ.

ಎತ್ತರದ ಬೈಕನ್ನೇ ಕೊಂಡು ತಗ್ಗಿಸಿಕೊಳ್ಳಿ ಎಂದವರೂ ಇದ್ದರು. ಸೀಟಿನ ಫೋಮ್ ಕೊರೆಸಬಹುದು, ಹಿಂದೆ ಒಂದೇ ಶಾಕ್ ಇರುವ ಮಾನೋಶಾಕ್ ಬೈಕಾದರೆ ಅದನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಎಂಬ ಕೊಂಡಿ ಹಾಕಿಸಬಹುದು. ಫೋಮ್ ಕೊರೆಸಿದರೆ ದೂರದ ದಾರಿಯಲ್ಲಿ ಅಡಿಯ ಪ್ಲಾಸ್ಟಿಕ್ ಒತ್ತುತ್ತದೆ. ಲಿಂಕ್ ಹಾಕಿಸಿದರೆ ಹಿಂಭಾಗ ಮಾತ್ರ ಇಳಿಯುವುದರಿಂದ ಮುಂದಿನ ಫೋರ್ಕನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಸೈಡ್ ಸ್ಟ್ಯಾಂಡ್ ಕತ್ತರಿಸಿ ಗಿಡ್ಡ ಮಾಡಿಸದಿದ್ದರೆ ಬೈಕು ನೆಟ್ಟಗೆ ನಿಂತು ಗಾಳಿಗೇ ಆಚೆ ಉರುಳುತ್ತದೆ. ಇಷ್ಟೆಲ್ಲ ಮಾಡಿಸಿ ಇಬ್ಬರು ಕುಳಿತರೆ ಮಲೆನಾಡಿನ ಹಳ್ಳಿಗಳ ರೋಡ್ ಹಂಪ್‌ಗೆ ತಳ ಉಜ್ಜುತ್ತದೆ. ಒಂದು ಶೋರೂಮಿನಲ್ಲಂತೂ ಮಾರಾಟದ ಹುಡುಗ ಇನ್ನೂ ಸುಲಭದ ಪರಿಹಾರ ಸೂಚಿಸಿದ: “ಸರ್ ಓಡಿಸಲಿ ಬಿಡಿ ಮೇಡಂ, ನೀವು ಆರಾಮಾಗಿ ಹಿಂದೆ ಕೂತ್ಕೊಳ್ಳಿ.” ಸರ್ ನಕ್ಕು ಹೊರಗೆ ನಡೆದರು, ನಾನು ನಗದೆ ನಡೆದೆ.

ಮೀಟಿಯರ್‌ನ ದೊಡ್ಡಣ್ಣ ಸೂಪರ್ ಮೀಟಿಯರ್ 650ರ ಸೀಟು 740 ಮಿಲಿಮೀಟರ್; ನೋಡಲು ನಮಗಾಗಿಯೇ ಮಾಡಿದಂತಿದೆ. ಆದರೆ ಅದರ ತೂಕ 241 ಕಿಲೋ, ಮೀಟಿಯರ್ 350ರದು 191. ಓಡುವಾಗ ಈ ಐವತ್ತು ಕಿಲೋ ಗೊತ್ತಾಗದು. ಲಾಡ್ಜಿನ ಅಂಗಳದ ಇಳಿಜಾರಿನಲ್ಲಿ ಮುಂಚಕ್ರ ಗೋಡೆಗೆ ಮಾಡಿ ನಿಲ್ಲಿಸಿದ್ದನ್ನು ಬೆಳಗ್ಗೆ ಕಾಲಿನಿಂದ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಬೆಲೆಯ ಅಂತರವೂ ಈಗ ಹಿಗ್ಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದನ್ನು ಮೀರಿದವಕ್ಕೆ ಶೇ 40 ಆಯಿತು. ನಾವು ಕೊಂಡದ್ದು ಅದಕ್ಕೆ ಮೊದಲು. ಆ ಹೊಟ್ಟೆಯುರಿ ಬೇರೆ.

ಇನ್ನು ಕೊಂಡ ಮೇಲಿನ ಮಾತು. ಎರಡೂ ಪಾದ ಪೂರ್ತಿ ಊರುವುದರಿಂದ ಧೈರ್ಯ ಬರುತ್ತದೆಂದು ಗೊತ್ತಿತ್ತು. ಕೈಕಾಲುಗಳಿಗೆ ಇಷ್ಟು ಬಿಡುವು ಸಿಗುತ್ತದೆಂದು ಗೊತ್ತಿರಲಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಏರುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಎದುರಿನಿಂದ ಮಿನಿ ಬಸ್ಸು ಬಂದರೆ ತಿರುವಿನ ಮಧ್ಯದಲ್ಲಿಯೇ ನಿಲ್ಲಬೇಕಾಗುತ್ತದೆ. ಎಡ ತಿರುವಾದರೆ ಅಲ್ಲಿ ರಸ್ತೆ ಒಳಬದಿಗೆ ಎಷ್ಟು ವಾಲಿರುತ್ತದೆಂದರೆ ಎಡಗಾಲು ಇಳಿಸಿದರೆ ನೆಲ ಇನ್ನೂ ಕೆಳಗಿರುತ್ತದೆ. ಸಮತಟ್ಟಿನಲ್ಲಿ ಬೆರಳ ತುದಿ ಮಾತ್ರ ಮುಟ್ಟುತ್ತಿದ್ದವರಿಗೆ ಇಲ್ಲಿ ಏನೂ ಸಿಗುವುದಿಲ್ಲ, ಇಬ್ಬರೂ ಬೈಕಿನ ಸಮೇತ ಒಳಬದಿಗೆ ಒರಗುತ್ತಾರೆ. ನನಗೆ ಎಡಪಾದ ಸಿಗುತ್ತದೆ. ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆ ಬಿಟ್ಟು ಬೈಕು ಹಿಂದೆ ಜಾರದಂತೆ ಹಿಡಿಯಬಹುದು. ಕೈಗಳೆರಡೂ ಕ್ಲಚ್ಚಿಗೂ ಆಕ್ಸಿಲರೇಟರಿಗೂ ಬಿಡುವಾಗಿರುತ್ತವೆ. ಏರಿನಲ್ಲಿ ಇಬ್ಬರ ಭಾರವಿಟ್ಟುಕೊಂಡು ನಿಂತಲ್ಲಿಂದ ಹೊರಡಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ, ಮತ್ತು ಎರಡೂ ಕಾಲನ್ನು ನೆಲಕ್ಕೆ ಒತ್ತಿ ನಿಲ್ಲಬೇಕಾದವರಿಗೆ ಈ ಕ್ರಮ ಸಾಧ್ಯವೇ ಇಲ್ಲ. ಸಿಗಂದೂರಿಗೆ ಹೋಗಲು 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತಲ್ಲ, ಆ ದಡದ ಇಳಿಜಾರಿನಲ್ಲಿ, ಕಾರುಗಳ ನಡುವೆ ಅಡಿ ಅಡಿಯಾಗಿ ಜರುಗುವಾಗಲೂ ಕಾಪಾಡಿದ್ದು ಇದೇ ತಗ್ಗು ಸೀಟು.

ಹತ್ತುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಾಗಿದೆ. ನಾನು ಮೊದಲು ಕುಳಿತು ಸೈಡ್ ಸ್ಟ್ಯಾಂಡ್ ಎತ್ತಿ, ಎರಡೂ ಪಾದವನ್ನು ಸ್ವಲ್ಪ ಅಗಲಿಸಿ ಊರಿ, ಮುಂದಿನ ಬ್ರೇಕು ಹಿಡಿದು “ಹ್ಞೂಂ” ಎನ್ನುತ್ತೇನೆ. ಅದು ಕೇಳುವ ತನಕ ಅವರು ಬೈಕನ್ನು ಮುಟ್ಟುವುದಿಲ್ಲ. ಆಮೇಲೆ ಎಡಗೈಯನ್ನು ನನ್ನ ಭುಜದ ಮೇಲಿಟ್ಟು, ಫುಟ್‌ರೆಸ್ಟಿನ ತುದಿಯನ್ನು ಬಿಟ್ಟು ಬುಡಕ್ಕೆ ಕಾಲಿಟ್ಟು, ಮೈಯನ್ನು ನನ್ನ ಬೆನ್ನಿನ ಕಡೆಗೆ ತಂದುಕೊಂಡು ಬಲಗಾಲನ್ನು ದಾಟಿಸುತ್ತಾರೆ. ಅಷ್ಟು ಹೊತ್ತು ನಾನು ಸೊಂಟವನ್ನು ಕೂದಲೆಳೆಯಷ್ಟು ಬಲಕ್ಕೆ ವಾಲಿಸಿರುತ್ತೇನೆ. ಇಳಿಯುವಾಗಲೂ ಕೇಳಿಯೇ ಇಳಿಯಬೇಕು. ಪೆಟ್ರೋಲ್ ಬಂಕಿನಲ್ಲಿ ಹೇಳದೆ ಕೇಳದೆ ಹಾರಿ ಇಳಿಯುವ ಹಿಂಬದಿ ಸವಾರರಿಂದ ಬೀಳುವ ಬೈಕುಗಳೇನು ಕಡಿಮೆಯೇ.

ಇಷ್ಟು ಹೊಗಳಿದ ಮೇಲೆ ತಗ್ಗು ಸೀಟು ಕೇಳುವ ಬೆಲೆಯನ್ನೂ ಹೇಳಬೇಕು, ಮತ್ತು ಅದನ್ನು ತೆರುವವರು ಹಿಂದೆ ಕುಳಿತವರು. ಮೀಟಿಯರ್‌ನಂಥ ಕ್ರೂಸರ್ ಜಾತಿಯ, ಅಂದರೆ ಸೀಟು ತಗ್ಗಿರುವ ಬೈಕುಗಳಲ್ಲಿ ಸೀಟು ಕೆಳಗೆ ಬರಬೇಕಾದರೆ ಹಿಂದಿನ ಶಾಕ್‌ಗಳು ಕುಸಿಯುವುದಕ್ಕೆ ಜಾಗ ಕಡಿಮೆಯಾಗುತ್ತದೆ. ಯಾವ ಕಂಪನಿ ಮಾಡಿದರೂ ಈ ಲೆಕ್ಕ ತಪ್ಪುವುದಿಲ್ಲ. ಶಾಕ್‌ಗಳನ್ನು ಒಬ್ಬರಿಗೆ ಹೊಂದಿಸಿಟ್ಟು ಇಬ್ಬರು ಕುಳಿತರೆ ಅರ್ಧ ಜಾಗ ಕುಳಿತ ಕೂಡಲೇ ಮುಗಿದುಹೋಗಿ, ಮೊದಲ ಹೊಂಡಕ್ಕೇ ತಳ ಬಡಿಯುತ್ತದೆ, ಆ ಪೆಟ್ಟು ನೇರವಾಗಿ ಬೆನ್ನುಮೂಳೆಗೆ. ಹಿಂಭಾಗ ಕುಸಿದರೆ ಮುಂಚಕ್ರ ಹಗುರವಾಗಿ ತಿರುವಿನಲ್ಲಿ ಹ್ಯಾಂಡಲ್ ಮಂಕಾಗುತ್ತದೆ, ರಾತ್ರಿ ಹೆಡ್‌ಲೈಟು ಮರದ ಕೊಂಬೆಗಳನ್ನು ಬೆಳಗುತ್ತದೆ. ಮುಂದೆ ಇರುವ ನಾನು ಹೊಂಡ ಕಂಡು ಮೈ ಬಿಗಿಹಿಡಿಯುತ್ತೇನೆ. ನನ್ನ ಹೆಲ್ಮೆಟ್ಟಿನಾಚೆ ಊರು ನೋಡುತ್ತಿರುವ ಅವರಿಗೆ ಆ ಮುನ್ಸೂಚನೆಯೂ ಇರುವುದಿಲ್ಲ.

ಪರಿಹಾರ ಪ್ರೀಲೋಡ್, ಅಂದರೆ ಭಾರ ಬೀಳುವ ಮೊದಲೇ ಶಾಕಿನ ಸ್ಪ್ರಿಂಗನ್ನು ಒಂದಿಷ್ಟು ಒತ್ತಿಡುವುದು. ಮೀಟಿಯರ್‌ನ ಎರಡು ಹಿಂದಿನ ಶಾಕ್‌ಗಳ ಬುಡದಲ್ಲಿ ಇದಕ್ಕೆಂದು ತಿರುಗಿಸುವ ಆರು ಹಂತದ ಬಳೆ, ಕಾಲರ್, ಇದೆ. ಇದನ್ನು ಏರಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಸ್ಪ್ರಿಂಗಿನ ಗುಣ ಇದ್ದ ಹಾಗೆಯೇ ಇರುತ್ತದೆ. ಅದರ ಬುಡವನ್ನು ಮೇಲಕ್ಕೊತ್ತುವುದರಿಂದ ಬೈಕಿನ ಹಿಂಭಾಗ ಎತ್ತರಕ್ಕೆ ನಿಲ್ಲುತ್ತದೆ, ಇಬ್ಬರು ಕುಳಿತ ಮೇಲೂ ಕುಸಿಯಲು ಜಾಗ ಉಳಿದಿರುತ್ತದೆ. ಗಿಡ್ಡ ಸವಾರರಿಗೆ ಒದಗುವ ಇಕ್ಕಟ್ಟು ಇಲ್ಲಿಯೇ: ಹಿಂದೆ ಒಬ್ಬರು ಹತ್ತುವ ದಿನವೇ, ಅಂದರೆ ಪಾದ ಗಟ್ಟಿಯಾಗಿ ಊರಬೇಕಾದ ದಿನವೇ ಸೀಟು ಮೇಲೇರುತ್ತದೆ. ಎತ್ತರದ ಬೈಕು ಕೊಂಡ ಗಿಡ್ಡ ಸವಾರರು ಪ್ರೀಲೋಡನ್ನು ಕನಿಷ್ಠದಲ್ಲಿಯೇ ಬಿಟ್ಟುಕೊಳ್ಳುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಕಾಲು ಸಿಗುತ್ತದೆ, ಹಿಂದಿನವರ ಸೊಂಟ ಹೋಗುತ್ತದೆ. 765ರ ಸೀಟನ್ನು ನಾನು ಇಷ್ಟು ಮೆಚ್ಚುವುದಕ್ಕೆ ಮುಖ್ಯ ಕಾರಣ, ಕಾಲರನ್ನು ಏರಿಸಿದ ಮೇಲೂ ನನ್ನ ಹಿಮ್ಮಡಿ ನೆಲ ಬಿಡುವುದಿಲ್ಲ ಎಂಬುದು. ಬೈಕು ಆರಿಸುವಾಗ ಈ ಏರಿಕೆಗೆಂದು ಒಂದಿಷ್ಟು ಎತ್ತರವನ್ನು ಕೈಯಲ್ಲಿ ಉಳಿಸಿಕೊಂಡೇ ಲೆಕ್ಕ ಹಾಕಬೇಕು.

ಹೊರಡುವ ಬೆಳಗ್ಗೆ ಈ ಕೆಲಸ ಯಜಮಾನರದು. ಹಾಲಿನವನು ಬರುವ ಹೊತ್ತಿಗೆ ಅವರು ಹಳೆಯ ಗೋಣಿಚೀಲ ಹಾಸಿ ಬೈಕಿನ ಪಕ್ಕ ಮಂಡಿಯೂರಿರುತ್ತಾರೆ. ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲರಿನ ಮೆಟ್ಟಿಲುಗಳಲ್ಲಿ ಸೇರಿದ ಕೆಂಪು ಮಣ್ಣು ತೆಗೆಯುವುದು, ಆಮೇಲೆ ಕೊಕ್ಕೆಯಂತೆ ಬಾಗಿದ ಸಿ-ಸ್ಪ್ಯಾನರ್ ಕಚ್ಚಿಸಿ ಟಕ್, ಟಕ್ ಎಂದು ಎಣಿಸಿ ತಿರುಗಿಸುವುದು, ಆಚೆ ಬದಿಗೆ ಹೋಗಿ ಅಷ್ಟೇ ಎಣಿಸುವುದು. ಎರಡೂ ಕಡೆ ಒಂದೇ ಹಂತ ಇರಲೇಬೇಕು. ಅದಾದ ಮೇಲೆ ಹಿಂದಿನ ಟೈರಿಗೆ, ಕೈಪಿಡಿಯಲ್ಲಿ ಇಬ್ಬರಿಗೆಂದು ಕೊಟ್ಟಿರುವಷ್ಟು ಗಾಳಿ. ಮರಳಿ ಬಂದ ಮರುದಿನ ನಾನು ಒಬ್ಬಳೇ ಕಚೇರಿಗೆ ಹೊರಡುವ ಮೊದಲು ಕಾಲರ್ ಮತ್ತೆ ಕೆಳಗಿಳಿಯುತ್ತದೆ. ಬೈಕು ಓಡಿಸದ ಮನುಷ್ಯನಿಗೆ ಬೈಕಿನ ಮೇಲೆ ಒಂದು ಅಧಿಕಾರ ಸಿಕ್ಕಿದೆ, ಅದನ್ನು ಅವರು ಯಾರಿಗೂ ಬಿಟ್ಟುಕೊಡರು. ಈ ಹೊಂದಾಣಿಕೆಯಿಂದ ಸೊಂಟದ ದೂರು ಪೂರ್ತಿ ನಿಂತಿಲ್ಲ. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆಯ ಹತ್ತಿರ ಒಮ್ಮೆ ಇಳಿದು ಕಾಲು ಚಾಚುವುದು ಈಗಲೂ ಕಡ್ಡಾಯ. ಮೊದಲಿದ್ದ ನರಳಾಟ ಇಲ್ಲ.

ಯಾರೂ ಬರೆಯದ ಇನ್ನೊಂದು ಸಂಗತಿ ಗಾಳಿಯದು. ಮುಂದಿನ ಗಾಜು ನನ್ನಂಥವರಿಗೆ ಬಹಳ ಒಳ್ಳೆಯ ಮರೆ. ಗಾಳಿ ನನ್ನ ತಲೆಯ ಮೇಲೆ ಹಾದು ಹೋಗುತ್ತದೆ, ಹೋಗಿ ನೇರವಾಗಿ ಹಿಂದಿನವರ ಗದ್ದಕ್ಕೆ ಬಡಿಯುತ್ತದೆ. ಸವಾರರೂ ಎತ್ತರವಿದ್ದರೆ ಹಿಂದಿನವರಿಗೆ ಅವರ ಬೆನ್ನೇ ಆಸರೆ. ನಮ್ಮ ಜೋಡಿಯಲ್ಲಿ ಅದು ಉಲ್ಟಾ. ಚಿತ್ರದುರ್ಗ ದಾಟಿ ಹಂಪಿಯ ಕಡೆ ಹೋಗುವ ಬಯಲಿನಲ್ಲಿ ಗಂಟೆಗೆ ಎಂಬತ್ತರ ಮೇಲೆ ಹೋದರೆ ಅವರು ಭುಜ ತಟ್ಟುತ್ತಾರೆ. ಎಂಜಿನ್ನಿಗೂ ಇಬ್ಬರೊಂದಿಗೆ ಅದೇ ಹದವಾದ ವೇಗ. ಲಾರಿಯನ್ನು ಹಿಂದಿಕ್ಕಬೇಕಾದರೆ ಮುಂದಿನ ರಸ್ತೆ ಉದ್ದಕ್ಕೂ ಖಾಲಿ ಕಂಡ ಮೇಲೆಯೇ ಹೊರಡಬೇಕು. ವೇಗ ಬೇಕಾದವರಿಗೆ ಈ ಬೈಕು ಹೇಳಿದ್ದಲ್ಲ.

ಸಾಮಾನಿನ ವಿಷಯದಲ್ಲಿ ಒಂದೇ ಮಾತು: ಭಾರದ್ದೆಲ್ಲ ಅಕ್ಕಪಕ್ಕದ ಚೀಲಗಳಲ್ಲಿ ತಳಕ್ಕೆ, ನೀರು, ಮಳೆಕೋಟು ಟ್ಯಾಂಕಿನ ಮೇಲೆ. ಹಿಂದೆ ಎತ್ತರಕ್ಕೆ ಡಬ್ಬಿ ಕಟ್ಟಿದರೆ ಭಾರ ಹಿಂಚಕ್ರದಾಚೆ ಹೋಗುತ್ತದೆ, ಹತ್ತುವವರು ಕಾಲು ದಾಟಿಸಲು ಇನ್ನಷ್ಟು ಎತ್ತಬೇಕು, ಎತ್ತಿದಷ್ಟೂ ಬೈಕು ಎಡಕ್ಕೆ ಎಳೆಯುತ್ತದೆ.

ಕೊಳ್ಳಲು ಹೊರಟವರು ಹಿಂದೆ ಕೂರುವವರನ್ನು ಶೋರೂಮಿಗೆ ಕರೆದುಕೊಂಡೇ ಹೋಗಿ, ದೂರದ ಪ್ರಯಾಣಕ್ಕೆ ಹಾಕಿಕೊಳ್ಳುವ ಬೂಟನ್ನೇ ತೊಟ್ಟು ಹೋಗಿ. ಟೆಸ್ಟ್ ರೈಡನ್ನು ಇಬ್ಬರೂ ಒಟ್ಟಿಗೆ ಕುಳಿತೇ ಮಾಡಬೇಕೆಂದು ಹಟ ಹಿಡಿಯಿರಿ; ಸಮತಟ್ಟಾದ ಟಾರು ರಸ್ತೆಯಲ್ಲಿ ಎರಡು ಸುತ್ತು ಹಾಕಿ ಬರುವುದರ ಬದಲು, ಅಂಚು ವಾಲಿದ ರಸ್ತೆ ಹುಡುಕಿ ಅಲ್ಲಿ ಅವರನ್ನು ಇಳಿಸಿ ಹತ್ತಿಸಿ. ಅದಕ್ಕೆ ಮುಂಚೆ ಪ್ರೀಲೋಡನ್ನು ಇಬ್ಬರ ಮಟ್ಟಕ್ಕೆ ಏರಿಸಿಕೊಡಿ ಎಂದು ಕೇಳಬೇಕು. ಮಾರಾಟದವರು ತಲೆ ಕೆರೆದುಕೊಂಡರೆ ಸರ್ವಿಸ್ ವಿಭಾಗದ ಮೆಕ್ಯಾನಿಕ್ಕನ್ನು ಕರೆಸಿ, ಸ್ಪ್ಯಾನರ್ ಕೈಗೆ ಸಿಕ್ಕರೆ ಅವರಿಗೆ ಅದು ಎರಡು ನಿಮಿಷದ ಕೆಲಸ.