1878ರ ಮೀನಿನ ಚಿತ್ರ ಅಂತ ಕೊಂಡು ಮೋಸ ಹೋದೆ

ಹಳೆಯ ಮೀನಿನ ಚಿತ್ರಗಳನ್ನು ಆನ್‌ಲೈನಲ್ಲಿ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ನನ್ನ 7,800 ರೂಪಾಯಿ ಹೋಯಿತು.

ಅಪ್ಪ ಮಲ್ಪೆಯಲ್ಲಿ ಮೂವತ್ತು ವರ್ಷ ಬೋಟಿಗೆ ಹೋದವರು. ಅವರ ಹುಟ್ಟುಹಬ್ಬಕ್ಕೆ ಕೊಡೋಣ ಅಂತ ಹುಡುಕುವಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ನೀಲಿ ನೀರಿನಲ್ಲಿ ಬಂಗುಡೆಯ ದೊಡ್ಡ ಹಿಂಡು. ಫ್ರಾನ್ಸಿಸ್ ಡೇ ಅವರ 'ದ ಫಿಶಸ್ ಆಫ್ ಇಂಡಿಯಾ' ಪುಸ್ತಕದಿಂದ ಬೇರ್ಪಡಿಸಿದ ಅಸಲಿ ಹಾಳೆ, 1878 ಎಂದು ಮಾರುವವರು ಬರೆದಿದ್ದರು. ಜೊತೆಗೆ ಸರ್ಟಿಫಿಕೇಟ್ ಬೇರೆ. ಒಂದೇ ಪ್ರತಿ ಉಳಿದಿದೆ ಅಂದರು. ತಡ ಮಾಡದೆ ದುಡ್ಡು ಕಳಿಸಿದೆ.

ಫ್ರೇಮ್ ಹಾಕಿಸಿ ಕೊಟ್ಟೆ. ಅಪ್ಪ ಖುಷಿಪಟ್ಟರು, ಆಮೇಲೆ ಹತ್ತಿರ ಹಿಡಿದು ನೋಡಿದರು. "ಇದು ನಮ್ಮ ಬಂಗುಡೆ ಅಲ್ಲ ಮಗಾ. ಬೆನ್ನ ಮೇಲೆ ಅಡ್ಡಡ್ಡ ಗೀರು ಯಾಕೆ ಉಂಟು?" ಅಂದರು. ನಮ್ಮ ಬಂಗುಡೆಯ ಮೈ ಅಗಲ, ಪಟ್ಟೆಗಳು ಉದ್ದಕ್ಕೆ ಇರುತ್ತವೆ, ಪಕ್ಕದ ರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆ ಇರುತ್ತದೆ. ಹುಲಿಪಟ್ಟೆಯಂಥ ಡೊಂಕು ಗೀರು ಇರುವುದು ಬಂಗುಡೆಯ ನೆಂಟನಾದ ಯುರೋಪಿನ ಅಟ್ಲಾಂಟಿಕ್ ಮ್ಯಾಕೆರೆಲ್‌ಗೆ. ಭಾರತದ ಮೀನುಗಳ ಪುಸ್ತಕಕ್ಕೂ ಅದಕ್ಕೂ ಏನು ಸಂಬಂಧ?

ಅವತ್ತು ರಾತ್ರಿ ಫ್ರೇಮ್ ಬಿಚ್ಚಿ ಭೂತಗನ್ನಡಿ ಹಿಡಿದೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಅಚ್ಚುಕಟ್ಟಾಗಿ ಸಾಲುಸಾಲಾಗಿದ್ದವು. ಡೇ ಅವರ ಪುಸ್ತಕ 1875ರಿಂದ 1878ರವರೆಗೆ ಕಂತುಗಳಲ್ಲಿ ಬಂದದ್ದು. ಅದರ ಚಿತ್ರಗಳು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದವು. ಕಲ್ಲಚ್ಚಿನಲ್ಲೂ ಚುಕ್ಕೆ ಕಾಣಬಹುದು, ಆದರೆ ಅವು ಸೀಮೆಸುಣ್ಣದ ಗೀಟಿನಂತೆ ಒರಟಾಗಿ, ಅಡ್ಡಾದಿಡ್ಡಿಯಾಗಿ ಇರುತ್ತವೆ. ಇಂಥ ನಾಲ್ಕು ಬಣ್ಣದ ಚುಕ್ಕೆಯ ಅಚ್ಚು ಆ ಕಾಲದಲ್ಲಿ ಇರಲೇ ಇಲ್ಲ.

ಕಾಗದವೂ ಸುಳ್ಳೇ. ಬುಡದಿಂದ ತುದಿಯವರೆಗೆ ಒಂದೇ ಥರ ಕಂದು ಬಣ್ಣ, ಚಹಾದಲ್ಲಿ ಅದ್ದಿದ ಹಾಗೆ. ನಿಜವಾಗಿ ಹಳತಾದ ಹಾಳೆ ಅಂಚಿನಲ್ಲಿ ಜಾಸ್ತಿ ಕಪ್ಪಾಗುತ್ತದೆ. ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡುವ ನೇರಳೆ ಲೈಟಿನ ಕೆಳಗೆ ಇಟ್ಟರೆ ಹಿಂಬದಿ ನೀಲಿಯಾಗಿ ಹೊಳೆಯಿತು. ಕಾಗದವನ್ನು ಬೆಳ್ಳಗೆ ಮಾಡಲು ಇತ್ತೀಚಿನ ಕಾಲದಲ್ಲಿ ಹಾಕುವ ರಾಸಾಯನಿಕ ಅದು.

ಇದೆಲ್ಲ ದುಡ್ಡು ಕೊಡುವ ಮೊದಲೇ ಗೊತ್ತಾಗಬಹುದಿತ್ತು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಇಡೀ ಪುಸ್ತಕ ಉಚಿತವಾಗಿ ಸಿಗುತ್ತದೆ. ಕೂತು ಒಂದೊಂದೇ ಚಿತ್ರ ನೋಡಿದೆ. ಎಲ್ಲೂ ಹಿಂಡು ಇಲ್ಲ, ನೀಲಿ ನೀರೂ ಇಲ್ಲ. ಒಂದೊಂದು ಮೀನು ಅಡ್ಡ ಮಲಗಿದ ಹಾಗೆ, ಬರಿ ಕಪ್ಪು ಗೆರೆಯಲ್ಲಿ, ಪಕ್ಕದಲ್ಲಿ ಸಂಖ್ಯೆ. ಯಾವ ಮೀನು ಎಂದು ಗುರುತು ಹಿಡಿಯಲು ಬರೆದ ಚಿತ್ರಗಳವು. ಮುಳ್ಳು, ಹುರುಪೆ, ರೆಕ್ಕೆ ಲೆಕ್ಕಕ್ಕೆ ಸಿಗಬೇಕಿತ್ತು. ಬಂಗುಡೆಯೂ ಅಲ್ಲಿದೆ. ಅಪ್ಪನಿಗೆ ಮೊಬೈಲಲ್ಲಿ ತೋರಿಸಿದೆ, ಒಂದೇ ನೋಟಕ್ಕೆ ಗುರುತಿಸಿದರು.

ಮಾರಿದವರಿಗೆ ಬರೆದೆ. ಫ್ರೇಮ್ ಹಾಕಿದ ಮೇಲೆ ವಾಪಸ್ ಇಲ್ಲ ಅಂದರು. ಬಿಲ್ಲು ನೋಡಿದರೆ ಅದರಲ್ಲಿ 'ವಿಂಟೇಜ್ ಶೈಲಿಯ ಪ್ರಿಂಟ್' ಅಂತಷ್ಟೇ ಇದೆ, 1878ರ ಸುದ್ದಿಯೇ ಇಲ್ಲ. ಸರ್ಟಿಫಿಕೇಟಿಗೆ ಸಹಿ ಹಾಕಿದವರೂ ಅವರೇ.

ಕೊಳ್ಳುವ ಮೊದಲು ಪುಸ್ತಕದ ಹೆಸರು, ಚಿತ್ರದ ಸಂಖ್ಯೆ ಕೇಳಿ ಹೋಲಿಸಿ ನೋಡಿ. ಅಚ್ಚಿನ ಚುಕ್ಕೆ ಹೇಗಿದೆ ಎಂದು ಕಾಣುವಂತೆ, ಚಿತ್ರದ ಒಂದು ಮೀನಿನ ಕಣ್ಣನ್ನು ತೀರಾ ಹತ್ತಿರದಿಂದ ಫೋಟೋ ತೆಗೆದು ಕಳಿಸಲು ಹೇಳಿ. ಹಿಂಬದಿಯ ಫೋಟೋ ಕೂಡ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ನಾನು ಕೊಂಡ ಅದೇ ಚಿತ್ರ ಇವತ್ತೂ ಅಲ್ಲಿ ಮಾರಾಟಕ್ಕಿದೆ, ಒಂದೇ ಪ್ರತಿ ಉಳಿದಿದೆ ಎಂದು.